ಓಟಿಪಿ ಹೇಳುವ ಮುನ್ನ

ಕಳೆದ ಪಂಚಮಿಗೆ ಎಂಟು ದಿನ ಇರುವಾಗ ಕಲಬುರಗಿಯ ಓದುಗರೊಬ್ಬರು ನಮಗೆ ಫೋನ್ ಮಾಡಿದ್ದರು. ಅವರ ತವರು ಅಫಜಲಪುರ. ಅಪ್ಪ ತೀರಿಹೋಗಿ ಮೂರು ವರ್ಷ. "ನಮ್ಮ ಅಣ್ಣ ಫೋನ್ ಮಾಡಿದ್ದ ನೋಡ್ರಿ ಅಕ್ಕಾರ. ತಂಗಿ, ನಿನ್ನ ಮೊಬೈಲಿಗೆ ಒಂದು ಓಟಿಪಿ ಬರ್ತದ, ನಂಬರ್ ಅಷ್ಟು ಹೇಳಿಬಿಡು, ಅಪ್ಪನ ಮನಿ ಖಾತಾದ ಕೆಲಸ ಅದ ಅಂದ. ಒಲಿ ಮ್ಯಾಲ ಬ್ಯಾಳಿ ಇಟ್ಟಿದ್ದೆ, ಆಮ್ಯಾಲ ಹೇಳ್ತೀನಿ ಅಂತ ಫೋನ್ ಇಟ್ಟೆ. ಈಗ ಹೇಳ್ಬೇಕೋ ಬ್ಯಾಡೋ, ನೀವೇ ಹೇಳ್ರಿ."

ಆರು ಅಂಕಿಯ ಒಂದು ನಂಬರ್. ಅದಕ್ಕಾಗಿ ಆಕೆ ಎರಡು ರಾತ್ರಿ ನಿದ್ದೆಗೆಟ್ಟಿದ್ದರು.

ಇಪ್ಪತ್ತು ವರ್ಷದ ಹಿಂದೆ ಆಗಿದ್ದರೆ ಇದೇ ಕೆಲಸಕ್ಕೆ ಅಣ್ಣ ಸ್ವತಃ ಬಸ್ಸು ಹತ್ತಿ ಬರಬೇಕಿತ್ತು. ಕುಬುಸದ ಖಣ, ಒಂದಷ್ಟು ಹಣ್ಣು ಕೈಯಲ್ಲಿ ಹಿಡಿದು, "ಒಂದು ಸಹಿ ಅದ, ತಾಲ್ಲೂಕಿಗೆ ಹೋಗಿ ಬರೋಣು ನಡಿ" ಅನ್ನುತ್ತಿದ್ದ. ಕಚೇರಿ ಮುಂದಿನ ಪತ್ರ ಬರೆಯುವವರ ಹತ್ತಿರ ಕೂತು ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಂಡು ಬರುವುದು. ಆ ಕಾಲ ಬಹಳ ಚೆನ್ನಾಗಿತ್ತು ಅಂತ ನಾವು ಹೇಳುತ್ತಿಲ್ಲ. ಆಗಲೂ ತಂಗಿಗೆ ಕಾಗದ ಓದಿ ಹೇಳಿದವರು ಕಡಿಮೆಯೇ. ಆದರೆ ಹೋಗಿ ಬರುವ ದಾರಿಯಲ್ಲಿ ಯೋಚನೆ ಮಾಡಲು ಒಂದು ದಿನವಾದರೂ ಸಿಗುತ್ತಿತ್ತು. ಈಗ ಬೇಳೆ ಕುದಿಯುವಷ್ಟು ಹೊತ್ತೂ ಸಿಗುವುದಿಲ್ಲ.

ಮನೆ ಕೊಡುವ, ಕೊಳ್ಳುವ ರೀತಿ ನಮ್ಮ ಕಣ್ಣೆದುರೇ ಬದಲಾಗಿದೆ. 2023ರಲ್ಲಿ ಬಂದ 'ಕಾವೇರಿ 2.0' ತಂತ್ರಾಂಶವನ್ನು ಸರ್ಕಾರ ಮೊದಲು ಪ್ರಯೋಗ ಮಾಡಿದ್ದು ಬೆಂಗಳೂರಿನಲ್ಲಲ್ಲ, ನಮ್ಮ ಜಿಲ್ಲೆಯ ಚಿಂಚೋಳಿಯಲ್ಲಿ. ಪತ್ರದ ವಿವರ ತುಂಬುವುದು, ಶುಲ್ಕ ಕಟ್ಟುವುದು, ದಿನ ಮತ್ತು ಸಮಯ ಗೊತ್ತು ಮಾಡಿಕೊಳ್ಳುವುದು ಎಲ್ಲವೂ ಮನೆಯಿಂದಲೇ ಆಗುತ್ತದೆ. ಫೋಟೊ, ಹೆಬ್ಬೆಟ್ಟು, ಸಹಿಗೆ ಮಾತ್ರ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. 2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯೊಳಗಿನ ಯಾವ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದು. ಆಳಂದದ ಮನೆಯನ್ನು ಜೇವರ್ಗಿಯಲ್ಲಿ ಬರೆದುಕೊಡಬಹುದು, ಅಫಜಲಪುರದ್ದನ್ನು ಕಲಬುರಗಿಯಲ್ಲಿ. ಅನುಕೂಲವೇ ಸರಿ. ಆದರೆ ಆಳಂದದ ಕಚೇರಿಯಲ್ಲಿ "ಇದು ಇಂಥವರ ಮನಿ ಅಲ್ಲೇನು, ಅವರ ಮಗಳು ಎಲ್ಲಿ?" ಎಂದು ಕೇಳುವ ಒಬ್ಬ ಹಿರಿಯರಾದರೂ ಇರುತ್ತಿದ್ದರು. ಬೇರೆ ಊರಿನ ಕಚೇರಿಯಲ್ಲಿ ಯಾರು ಕೇಳಬೇಕು? ಕಂಪ್ಯೂಟರು ತನ್ನೊಳಗೆ ತುಂಬಿದ ಹೆಸರನ್ನಷ್ಟೇ ನೋಡುತ್ತದೆ. ತುಂಬದೇ ಬಿಟ್ಟ ಹೆಸರು ಅದಕ್ಕೆ ಗೊತ್ತಿಲ್ಲ.

ಹಾಗಾಗಿ ಮಾತೆಲ್ಲ ಖಾತಾಗೆ ಬಂದು ನಿಲ್ಲುತ್ತದೆ. 2024ರ ಅಕ್ಟೋಬರ್‌ನಿಂದ ಪಟ್ಟಣಗಳ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾಗಿದೆ. ಪುರಸಭೆಯ ಕಂಪ್ಯೂಟರಿನಲ್ಲಿ ಮನೆ ಯಾರ ಹೆಸರಿಗಿದೆಯೋ ಅವರೇ ಮಾರಾಟಕ್ಕೆ ನಿಲ್ಲುವುದು. ಹಳ್ಳಿಯಾದರೆ ಪಂಚಾಯಿತಿಯ ಇ-ಸ್ವತ್ತು ಇದೆ. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಂತೂ ಡ್ರೋನ್ ಹಾರಿಸಿ ಊರೊಳಗಿನ ಮನೆಗಳನ್ನು ಅಳೆದು ಕಾರ್ಡ್ ಕೊಡುತ್ತಾರೆ. ಎಷ್ಟೋ ತಲೆಮಾರು ಕಾಗದವೇ ಇಲ್ಲದೆ ನಿಂತಿದ್ದ ಮಾಳಿಗೆ ಮನೆಗಳಿಗೆ ಮೊದಲ ಸಲ ಒಂದು ದಾಖಲೆ ಸಿಗುವುದು ಸಣ್ಣ ಮಾತಲ್ಲ. ಆದರೆ ಡ್ರೋನ್ ಗೋಡೆ ಅಳೆಯುತ್ತದೆ, ವಾರಸುದಾರರನ್ನು ಎಣಿಸುವುದಿಲ್ಲ. ಆ ಕಾರ್ಡಿನಲ್ಲಿ ಯಾರ ಹೆಸರು ಬರೆಸಿದರು ಎಂದು ತವರಿಗೆ ಹೋದಾಗ ಒಮ್ಮೆ ನೋಡಿದ್ದೀರಾ?

ಈಗ ಆ ಓದುಗರ ಪ್ರಶ್ನೆಗೆ ಬರೋಣ. ಓಟಿಪಿ ಒಂದನ್ನು ಹೇಳಿದ ಮಾತ್ರಕ್ಕೆ ಮನೆ ಮಾರಾಟ ಆಗಿಹೋಗುವುದಿಲ್ಲ, ಅಷ್ಟು ಗಾಬರಿ ಬೇಡ. ನಿಮ್ಮ ಪಾಲು ಬಿಟ್ಟುಕೊಡುವುದಾದರೆ ಹಕ್ಕುಬಿಡುಗಡೆ ಪತ್ರ ಆಗಬೇಕು, ಅದಕ್ಕೂ ನೋಂದಣಿ ಬೇಕು, ಅಂದರೆ ನೀವೇ ಹೋಗಿ ಕ್ಯಾಮೆರಾ ಮುಂದೆ ಕೂರಬೇಕು. ಆದರೆ ಆಧಾರ್‌ನ ಓಟಿಪಿ ಎಂದರೆ "ಇದಕ್ಕೆ ನಾನು ಒಪ್ಪಿದ್ದೇನೆ" ಎಂದು ಹೇಳಿದ ಹಾಗೆಯೇ. ಯಾವುದಕ್ಕೆ ಒಪ್ಪಿದಿರಿ ಎಂಬುದು ನಿಮಗೇ ಗೊತ್ತಿಲ್ಲದಿದ್ದರೆ ಹೇಗೆ? ಒಮ್ಮೆ ಖಾತಾ ಅಣ್ಣನೊಬ್ಬನ ಹೆಸರಿಗೆ ಬಂದರೆ, ನಾಳೆ ಕೊಳ್ಳುವವರು ಅವನೊಬ್ಬನನ್ನೇ ಮಾಲೀಕ ಎಂದುಕೊಳ್ಳುತ್ತಾರೆ. ಖಾತಾ ತೆರಿಗೆಗೆ ಇರುವ ದಾಖಲೆ, ಅದೇ ಒಡೆತನ ಅಲ್ಲ ಎಂದು ನ್ಯಾಯಾಲಯಗಳು ಹೇಳುತ್ತಲೇ ಬಂದಿವೆ. ಆದರೆ ಅದನ್ನು ಸಾಬೀತು ಮಾಡಲು ನೀವು ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕಾಗುತ್ತದೆ.

ಕಾನೂನು ನಿಮ್ಮ ಕಡೆ ಇದೆ ಎನ್ನುವುದಂತೂ ನಿಜ. ಅಪ್ಪ ಸ್ವಂತ ದುಡಿಮೆಯಿಂದ ಕಟ್ಟಿಸಿದ ಮನೆ, ಮೃತ್ಯುಪತ್ರ ಬರೆದಿಲ್ಲ ಅಂದರೆ, ಹಿಂದೂ ಕುಟುಂಬದಲ್ಲಿ ಅವ್ವ, ಅಜ್ಜಿ ಇದ್ದರೆ ಅಜ್ಜಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಹಿರಿಯರ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತ್ತು, ಆದರೆ ಅದು ಮದುವೆಯಾಗದವರಿಗಷ್ಟೇ ಅನ್ವಯವಾಗುತ್ತಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆದುಹಾಕಿತು. ವಾಸದ ಮನೆಯಲ್ಲಿ ಗಂಡುಮಕ್ಕಳು ಪಾಲು ಮಾಡಿಕೊಳ್ಳುವ ತನಕ ಹೆಣ್ಣುಮಕ್ಕಳು ಪಾಲು ಕೇಳುವಂತಿಲ್ಲ ಎಂಬ ಹಳೆಯ ಕಲಮೂ ಆಗಲೇ ಹೋಯಿತು. ಹುಟ್ಟಿನಿಂದಲೇ ಈ ಹಕ್ಕು ಬರುತ್ತದೆ, 2005ರಲ್ಲಿ ಅಪ್ಪ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟ ಮಾಡಿದೆ. ಮುಸ್ಲಿಂ ಕುಟುಂಬಗಳಲ್ಲಿ ಲೆಕ್ಕ ಬೇರೆ, ಸಾಮಾನ್ಯವಾಗಿ ಮಗನ ಪಾಲಿನ ಅರ್ಧ, ಆದರೂ ಮಗಳಿಗೆ ಪಾಲು ಇದ್ದೇ ಇದೆ.

ಪಾಲು ಬೇಡ, ಅಣ್ಣನಿಗೇ ಇರಲಿ ಎಂದು ಸಂತೋಷದಿಂದ ಬಿಟ್ಟುಕೊಡುವವರು ನಮ್ಮ ಕಡೆ ಬಹಳ ಮಂದಿ. ತವರಿನ ಬಾಗಿಲು ತೆರೆದಿರಲಿ ಎಂಬ ಆಸೆ, ಅದನ್ನು ತಪ್ಪೆನ್ನಲು ನಾವ್ಯಾರು? ಆದರೆ ಬಿಟ್ಟುಕೊಡುವುದು ಬೇರೆ, ಕೈಬಿಟ್ಟು ಹೋಗುವುದು ಬೇರೆ. ಅಣ್ಣನ ಮನಸ್ಸಿನಲ್ಲಿ ಕೆಡುಕು ಇದೆ ಎಂದೇನೂ ನಾವು ಅನ್ನುತ್ತಿಲ್ಲ. ಪಾಪ, ಅವನಿಗೂ ಪುರಸಭೆಯಲ್ಲೋ ಸೈಬರ್ ಸೆಂಟರಿನಲ್ಲೋ ಯಾರೋ "ತಂಗಿ ಓಟಿಪಿ ತರಿಸ್ರಿ" ಎಂದಿರಬಹುದು, ಪೂರ್ತಿ ಅವನಿಗೂ ತಿಳಿದಿರಲಿಕ್ಕಿಲ್ಲ.

ಇನ್ನೊಂದು ವಿಷಯ, ನಿಮ್ಮ ಆಧಾರ್‌ಗೆ ಯಾರ ಮೊಬೈಲ್ ನಂಬರ್ ಜೋಡಿಸಿದೆ? ಎಷ್ಟೋ ಮನೆಗಳಲ್ಲಿ ಅದು ಯಜಮಾನರದ್ದು, ಇಲ್ಲವೇ ಮಗನದು. ಹಾಗಿದ್ದರೆ ನಿಮ್ಮ ಒಪ್ಪಿಗೆ ನಿಮ್ಮನ್ನು ಕೇಳದೆಯೇ ಹೋಗಿಬಿಡುತ್ತದೆ. ಗೃಹಲಕ್ಷ್ಮಿ ದುಡ್ಡಿಗಾಗಿ 2023ರಲ್ಲಿ ಸಾಲಿನಲ್ಲಿ ನಿಂತು ಎಲ್ಲ ಕಾಗದ ಸರಿ ಮಾಡಿಸಿಕೊಂಡವರು ನಾವು. ಆಧಾರ್ ಕೇಂದ್ರಕ್ಕೆ ಇನ್ನೊಂದು ಸಲ ಹೋಗಿ ನಿಮ್ಮದೇ ನಂಬರ್ ಹಾಕಿಸಿಕೊಳ್ಳಿ.

ಹೆಬ್ಬೆಟ್ಟಿನ ಕಥೆಯೂ ಕೇಳಿ. 2023ರಲ್ಲಿ ಬೆಂಗಳೂರು, ಮಂಗಳೂರು ಕಡೆ ಮನೆ ನೋಂದಣಿ ಮಾಡಿಸಿದ ಕೆಲವರ ಬ್ಯಾಂಕ್ ಖಾತೆಯಿಂದ ಹಣ ಮಾಯವಾಯಿತು. ನೋಂದಣಿ ಪತ್ರದಲ್ಲಿದ್ದ ಬೆರಳಚ್ಚು, ಆಧಾರ್ ನಂಬರ್ ಕದ್ದು, ಬೆರಳಚ್ಚಿನಿಂದ ಹಣ ತೆಗೆಯುವ ವ್ಯವಸ್ಥೆಯಲ್ಲಿ ಬಳಸಿದ್ದರು. ಅದಾದ ಮೇಲೆ ಪತ್ರದ ಪ್ರತಿಯಲ್ಲಿ ಬೆರಳಚ್ಚು ಕಾಣದಂತೆ ಮಾಡುವ ಕ್ರಮ ಬಂತು. ಆದರೂ ನೋಂದಣಿ ಮುಗಿಸಿ ಬಂದ ದಿನವೇ ಎಂ-ಆಧಾರ್ ಆಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಬಿಡಿ. ಬೇಕಾದಾಗ ತೆಗೆಯಬಹುದು, ದುಡ್ಡೇನೂ ಕೊಡಬೇಕಾಗಿಲ್ಲ.

ಕೊಳ್ಳುವವರಿಗೂ ಎರಡು ಮಾತು. ಮೊದಲು ದಲ್ಲಾಳಿ ಚಹಾದಂಗಡಿಯಲ್ಲಿ ಸಿಗುತ್ತಿದ್ದ, ಈಗ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇದ್ದಾನೆ. "ಜೇವರ್ಗಿ ರೋಡಿಗೆ ಹತ್ತಿ ಎನ್.ಎ. ಪ್ಲಾಟ್" ಎಂದು ವಿಡಿಯೋ ಬರುತ್ತದೆ, ಹಿಂದೆ ಒಂದು ಸಿನಿಮಾ ಹಾಡು ಬೇರೆ. ಪುಣೆಯಲ್ಲಿ ಕೂತ ಮಗ ಅದನ್ನು ನೋಡಿ ಇಸಾರ ಕಳಿಸಿಬಿಡುತ್ತಾನೆ. ವಿಡಿಯೋದಲ್ಲಿ ಶಹಾಬಾದ್ ಫರ್ಸಿ ಹೊಳೆಯುತ್ತದೆ, ಭೀಮಾ ನದಿಯ ನೀರು ಕಾಣುವುದಿಲ್ಲ. ಮೇಲಿನಿಂದ ಉಜನಿ ಜಲಾಶಯದ ನೀರು ಬಿಟ್ಟರೆ ಸೊನ್ನ ಬ್ಯಾರೇಜ್ ದಾಟಿ ಅದು ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹೊಳೆದಂಡೆಯ ಊರುಗಳಿಗೆ ನುಗ್ಗುತ್ತದೆ. 2020ರ ಅಕ್ಟೋಬರ್, 2025ರ ಸೆಪ್ಟೆಂಬರ್ ಎರಡನ್ನೂ ಅಲ್ಲಿಯವರು ಮರೆತಿಲ್ಲ. ಆದ್ದರಿಂದ ಮನೆ ನೋಡಲು ಹೆಂಗಸರು ತಪ್ಪದೆ ಹೋಗಬೇಕು. ಪಕ್ಕದ ಮನೆಯಾಕೆಯನ್ನು ಕಟ್ಟೆಯ ಮೇಲೆ ಕೂತು ಮಾತಾಡಿಸಿ, "ವೈನಿ, ಆ ವರ್ಷ ನೀರು ಎಲ್ಲಿ ತನಕ ಬಂದಿತ್ರಿ?" ಎಂದು ಕೇಳಿ. ಆಕೆ ಗೋಡೆ ಮೇಲೆ ಕೈ ಇಟ್ಟು ತೋರಿಸುತ್ತಾಳೆ. ಬೇಸಿಗೆಯಲ್ಲಿ ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದನ್ನೂ ಅದೇ ಉಸಿರಿಗೆ ಹೇಳುತ್ತಾಳೆ. ಇದನ್ನು ಯಾವ ಆಪ್ ಕೂಡ ಹೇಳುವುದಿಲ್ಲ.

ಆಮೇಲೆ ಕಾವೇರಿಯಲ್ಲಿ ಋಣಭಾರ ಪತ್ರ ತೆಗೆಸಿ. 2004ರ ಈಚಿನದು ಆನ್‌ಲೈನಿನಲ್ಲೇ ಸಿಗುತ್ತದೆ, ಅದಕ್ಕೂ ಹಿಂದಿನದನ್ನು ಕಚೇರಿಯಲ್ಲಿ ಕೇಳಬೇಕು. ನೋಂದಣಿಯಾಗದ ಇಸಾರ ಪತ್ರ, ಕೋರ್ಟಿನ ವ್ಯಾಜ್ಯ ಅದರಲ್ಲಿ ಕಾಣದೇ ಇರಬಹುದು. ಅದಕ್ಕೇ ಮಾರುವವರ ಅಕ್ಕತಂಗಿಯರು ಎಷ್ಟು ಮಂದಿ, ಅವರ ಸಹಿ ಇದೆಯೇ ಎಂದು ಬಾಯಿಬಿಟ್ಟು ಕೇಳಿ. ನಮ್ಮ ತವರಿನ ವಿಷಯದಲ್ಲಿ ನಮಗೆ ಬೇಕಾದ ನ್ಯಾಯ ಇನ್ನೊಬ್ಬರ ಮಗಳಿಗೂ ಬೇಕಲ್ಲವೇ? ಎಂಟಕ್ಕಿಂತ ಹೆಚ್ಚು ಪ್ಲಾಟಿನ ಹೊಸ ಬಡಾವಣೆ ಆದರೆ ರೇರಾ ನಂಬರ್ ಕೇಳಿ. ಇಪ್ಪತ್ತು ಸಾವಿರ ಅಥವಾ ಅದಕ್ಕಿಂತ ಹೆಚ್ಚು ಇಸಾರವನ್ನು ನಗದಾಗಿ ಕೊಡುವಂತಿಲ್ಲ, ಬ್ಯಾಂಕಿನಿಂದಲೇ ಕೊಡಿ.

ಖರ್ಚಿನ ಲೆಕ್ಕವೂ ತಿಳಿದಿರಲಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. ಪುರಸಭೆ ವ್ಯಾಪ್ತಿಯ 20 ಲಕ್ಷದ ಹಳೆ ಮನೆಗೆ ಮುದ್ರಾಂಕ ಶುಲ್ಕ 1 ಲಕ್ಷ, ಅದರ ಮೇಲಿನ ಸೆಸ್, ಸರ್‌ಚಾರ್ಜ್ 12 ಸಾವಿರ, ನೋಂದಣಿ 40 ಸಾವಿರ, ಒಟ್ಟು 1 ಲಕ್ಷದ 52 ಸಾವಿರ. ಆಳಂದ, ಅಫಜಲಪುರದ ಗಡಿ ದಾಟಿ ಅಕ್ಕಲಕೋಟೆಗೆ ಹೋದರೆ, ಮನೆ ಹೆಂಗಸಿನ ಹೆಸರಿಗೆ ಕೊಂಡರೆ ಮುದ್ರಾಂಕದಲ್ಲಿ ಶೇ 1 ರಿಯಾಯಿತಿ. ಮಹಾರಾಷ್ಟ್ರ ಇದನ್ನು 2021ರಲ್ಲೇ ಮಾಡಿತು. ನಮ್ಮ ಸರ್ಕಾರ ಕಂಪ್ಯೂಟರಿಗೆ ಇಷ್ಟು ಖರ್ಚು ಮಾಡುವಾಗ ಇದೊಂದನ್ನು ಯಾಕೆ ಮಾಡಬಾರದು? ರಿಯಾಯಿತಿ ಸಿಗುತ್ತದೆ ಎಂದರೆ ಎಷ್ಟೋ ಯಜಮಾನರು ತಾವಾಗಿಯೇ ಹೆಂಡತಿಯ ಹೆಸರು ಹಾಕಿಸುತ್ತಾರೆ, ನಮ್ಮ ಗಂಡಸರ ಲೆಕ್ಕಾಚಾರ ನಮಗೆ ಗೊತ್ತಿಲ್ಲವೇ!

ಅಫಜಲಪುರದ ಆ ಮಗಳಿಗೆ ನಾವು ಹೇಳಿದ್ದು ಇಷ್ಟೇ. ಅಣ್ಣನಿಗೆ ಸಿಟ್ಟು ಬರುವ ಹಾಗೆ ಮಾತಾಡಬೇಡಿ, ಓಟಿಪಿಯನ್ನೂ ಹೇಳಬೇಡಿ. "ಪಂಚಮಿಗೆ ಬರ್ತೀನಿ ಅಣ್ಣಾ. ಅಪ್ಪನ ಕಾಗದಪತ್ರ ತೆಗೆದಿಟ್ಟಿರು, ಅವ್ವನ್ನೂ ಕೂಡಿಸ್ಕೊಂಡು ಓದೋಣು. ಮೊಬೈಲು ನಂದು ನನ್ನ ಕೈಯಾಗೇ ಇರ್ತದ" ಎನ್ನಿ ಎಂದೆವು. ಅವರು ನಕ್ಕರು. "ಉಂಡಿ ಕಟ್ಟಿಕೊಂಡು ಹೋಗ್ತೀನ್ರಿ, ಜೋಡಿ ಚಷ್ಮಾನೂ ಒಯ್ತೀನಿ" ಎಂದರು.