ಯಲಬುರ್ಗಾ ತಾಲ್ಲೂಕಿನ ಸರ್ಕಾರಿ ಶಾಲೆಗಳ ನೀರು, ನೆರಳು, ನೈರ್ಮಲ್ಯ ಕುರಿತ ಮನವಿ ಪತ್ರ

ಗೆ,
ಮಾನ್ಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು,
ಜಿಲ್ಲಾ ಪಂಚಾಯತ್, ಕೊಪ್ಪಳ.

ಮೂಲಕ: ಕ್ಷೇತ್ರ ಶಿಕ್ಷಣಾಧಿಕಾರಿಗಳು, ಯಲಬುರ್ಗಾ.

ವಿಷಯ: ಸರ್ಕಾರಿ ಶಾಲೆಗಳಲ್ಲಿ ಮಳೆನೀರು ಸಂಗ್ರಹ, ಗಿಡಗಳ ಪಾಲನೆ ಹಾಗೂ ಕಸ ವಿಲೇವಾರಿಗೆ ಶಾಶ್ವತ ವ್ಯವಸ್ಥೆ ಮಾಡಿಕೊಡುವ ಬಗ್ಗೆ.

ಮಾನ್ಯರೇ,

ಯಲಬುರ್ಗಾ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಮಕ್ಕಳನ್ನು ಓದಿಸುತ್ತಿರುವ ಪಾಲಕರು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸದಸ್ಯರು ಮತ್ತು ಹಳೆಯ ವಿದ್ಯಾರ್ಥಿಗಳಾದ ನಾವು ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ:

ಪ್ರತಿ ವರ್ಷ ಜೂನ್ 5ರ ಪರಿಸರ ದಿನದಂದು ಶಾಲೆಗಳಲ್ಲಿ ಸಸಿ ನೆಡುತ್ತಾರೆ. ಏಪ್ರಿಲ್‌ನಲ್ಲಿ ಬೇಸಿಗೆ ರಜೆ ಬಿದ್ದ ಮೇಲೆ ಅವುಗಳಿಗೆ ನೀರು ಹಾಕುವವರು ಇರುವುದಿಲ್ಲ. ಮರುವರ್ಷ ಅದೇ ಗುಂಡಿಯ ಒಣಕಡ್ಡಿ ಕಿತ್ತು ಇನ್ನೊಂದು ಸಸಿ ಇಡುವುದನ್ನು ನೋಡಿ ನೋಡಿ ನಮಗೆ ಬೇಸರವಾಗಿದೆ. ಆದಕಾರಣ ಈ ಸಲ ನಾವು ಸಸಿ ಕೇಳುತ್ತಿಲ್ಲ, ನೀರು ಕೇಳುತ್ತಿದ್ದೇವೆ.

ಗಿಡಗಳಿಗಷ್ಟೇ ಅಲ್ಲ, ಮಕ್ಕಳಿಗೂ ಒಳ್ಳೆಯ ನೀರು ಬೇಕು. ನಮ್ಮ ಭಾಗದ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇದೆ. ಒಂದು ಲೀಟರ್ ನೀರಿಗೆ 1.5 ಮಿಲಿಗ್ರಾಂ ಮೀರಿದರೆ ಅದು ಕುಡಿಯಲು ಯೋಗ್ಯವಲ್ಲ. ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಮಕ್ಕಳನ್ನು ತಾವೂ ಶಾಲಾ ಭೇಟಿಯಲ್ಲಿ ನೋಡಿರಬಹುದು. ಮುಂದಿನ ಹಲ್ಲುಗಳ ಮೇಲಿನ ಆ ಕಂದು ಗೆರೆ ತಿಕ್ಕಿದರೆ ಹೋಗುವಂಥದ್ದಲ್ಲ. ಶಾಶ್ವತ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಫ್ಲೋರೈಡ್‌ನಿಂದ ಆದ ಹಾನಿ ಅದು. ನೀರಿನ ಕೆಲಸ ಅಂಗನವಾಡಿ ಮತ್ತು ಕಿರಿಯ ಪ್ರಾಥಮಿಕ ಶಾಲೆಗಳಿಂದಲೇ ಶುರುವಾಗಬೇಕು ಎಂದು ನಾವು ಒತ್ತಾಯಿಸುವುದು ಇದೇ ಕಾರಣಕ್ಕೆ.

ಮಳೆನೀರಿನಲ್ಲಿ ಈ ದೋಷವಿಲ್ಲ. ನಮ್ಮದು ಬರದ ನಾಡೇ ಇರಬಹುದು. ಆದರೂ ವರ್ಷಕ್ಕೆ 500 ಮಿ.ಮೀ. ಮಳೆ ಬಿದ್ದರೆ 100 ಚದರ ಮೀಟರ್ ಮಾಳಿಗೆಯ ಮೇಲೆ 50,000 ಲೀಟರ್ ನೀರು ಸುರಿಯುತ್ತದೆ. ಸೋರಿ ಹೋಗಿದ್ದು, ಮೊದಲ ಮಳೆಗೆ ಮಾಳಿಗೆ ತೊಳೆದು ಬಿಟ್ಟಿದ್ದು ಕಳೆದರೂ 40,000 ಲೀಟರ್ ಉಳಿಯುತ್ತದೆ. ನೂರು ಮಕ್ಕಳಿಗೆ ತಲೆಗೆ ಎರಡು ಲೀಟರಿನಂತೆ 200 ದಿನದ ಕುಡಿಯುವ ನೀರು ಅದು. ಇಂದು ಅಷ್ಟೂ ನೀರು ಕೊಳವೆಯಿಂದ ಅಂಗಳಕ್ಕೆ ಬಿದ್ದು, ಎರೆಮಣ್ಣು ರಾಡಿ ಮಾಡಿ ಹರಿದು ಹೋಗುತ್ತಿದೆ.

ಇದು ಹೊಸ ವಿಚಾರವೇನೂ ಅಲ್ಲ. ಸುವರ್ಣ ಕರ್ನಾಟಕ ವರ್ಷಾಚರಣೆಯ ಸಂದರ್ಭದಲ್ಲಿ ಸುವರ್ಣ ಜಲ ಯೋಜನೆಯಡಿ ರಾಜ್ಯದ 23 ಸಾವಿರಕ್ಕೂ ಹೆಚ್ಚು ಗ್ರಾಮೀಣ ಶಾಲೆಗಳಿಗೆ ಮಳೆನೀರು ಸಂಗ್ರಹ ವ್ಯವಸ್ಥೆ ಕಲ್ಪಿಸಲು ಸರ್ಕಾರವೇ ಮುಂದಾಗಿತ್ತು. ಯೋಚನೆ ಒಳ್ಳೆಯದಿತ್ತು, ಆದರೆ ಕಟ್ಟಿದ ಮೇಲೆ ನೋಡಿಕೊಳ್ಳುವವರನ್ನು ನೇಮಿಸದ ಕಡೆಗಳಲ್ಲಿ ಪೈಪು ಒಡೆಯಿತು, ಟಾಕಿ ಬಿರುಕು ಬಿಟ್ಟಿತು, ಸೋಸುವ ಮರಳನ್ನು ಯಾರೂ ಬದಲಿಸಲಿಲ್ಲ. ಆದ್ದರಿಂದ ಹಳೆಯ ಟಾಕಿಗಳ ಸ್ಥಿತಿಯನ್ನು ಶಾಲಾವಾರು ಪರಿಶೀಲಿಸಿ, ದುರಸ್ತಿಯಾಗುವುದನ್ನು ಮೊದಲು ದುರಸ್ತಿ ಮಾಡಿಸಬೇಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ಕಟ್ಟುವ ಪ್ರತಿ ಹೊಸ ಕೊಠಡಿಯ ಅಂದಾಜು ಪಟ್ಟಿಯಲ್ಲೇ ಪೈಪು, ಸೋಸುವ ತೊಟ್ಟಿ ಮತ್ತು ಮುಚ್ಚಿದ ಟಾಕಿ ಸೇರಿರಬೇಕು. ಮಳೆಗಾಲಕ್ಕೆ ಮುಂಚೆ ಮಾಳಿಗೆ, ಟಾಕಿ ತೊಳೆಸುವ ಹೊಣೆ ಗ್ರಾಮ ಪಂಚಾಯತಿಯ ನೀರಗಂಟಿಯವರಿಗೆ ಲಿಖಿತವಾಗಿ ವಹಿಸಬೇಕು. ಅದಕ್ಕೆ ತಕ್ಕ ಹೆಚ್ಚುವರಿ ಸಂಭಾವನೆಯೂ ಅವರಿಗೆ ಸಿಗಬೇಕು. ಶಾಲೆಯ ನೀರಿನ ಪರೀಕ್ಷಾ ವರದಿಯನ್ನು ಪಾಲಕರು ಓದುವಂತೆ ಕನ್ನಡದಲ್ಲಿ ಗೋಡೆಗೆ ಅಂಟಿಸಬೇಕು.

ಬಿಸಿಯೂಟದ ಹೊತ್ತಿಗೆ ಮಕ್ಕಳು ಕೈ, ತಟ್ಟೆ ತೊಳೆದ ನೀರು ನಳದ ಬುಡದಲ್ಲೇ ನಿಂತು ಸೊಳ್ಳೆಗೆ ಮನೆಯಾಗುತ್ತಿದೆ. ಅದನ್ನು ಸಣ್ಣ ಕಾಲುವೆ ತೆಗೆದು ನುಗ್ಗೆ, ಕರಿಬೇವಿನ ಬುಡಕ್ಕೆ ಹರಿಸಿದರೆ ಸೊಪ್ಪು ಮತ್ತೆ ಮಕ್ಕಳ ಸಾರಿಗೇ ಬರುತ್ತದೆ. ಬೇಸಿಗೆ ರಜೆಯಲ್ಲಿ ಗಿಡಗಳಿಗೆ ನೀರುಣಿಸಲು ಶಾಲೆಗೆ ಒಬ್ಬರನ್ನು ಕೂಲಿ ಕೊಟ್ಟು ನಿಯೋಜಿಸಿ. ನೆಡುವುದಾದರೆ ಬೇವು, ಹುಣಸೆ, ಹೊಂಗೆ, ನೇರಳೆ ನೆಡಿಸಿ. ಬದುಕಿದ ಗಿಡಗಳ ಲೆಕ್ಕ ಕೇಳಿ, ನೆಟ್ಟಿದ್ದರದ್ದಲ್ಲ.

ಹಾಲಿನ ಪುಡಿಯ ಖಾಲಿ ಪೊಟ್ಟಣಗಳನ್ನು ಕಟ್ಟಡದ ಹಿಂದೆ ಸುಡುವುದು ನಿಲ್ಲಬೇಕು. ಗ್ರಾಮ ಪಂಚಾಯತಿಯ ಕಸದ ವಾಹನ ಶಾಲೆಯ ಗೇಟಿಗೂ ಬರಲಿ. ಹೆಣ್ಣುಮಕ್ಕಳಿಗೆ ಶುಚಿ ಯೋಜನೆಯ ಪ್ಯಾಡ್ ಕೊಟ್ಟರೆ ಸಾಲದು. ಬಳಸಿದ್ದನ್ನು ಹಾಕಲು ಮುಚ್ಚಳದ ಡಬ್ಬಿ, ಶೌಚಾಲಯದಲ್ಲಿ ನೀರು, ಒಳಗಿನಿಂದ ಚಿಲಕ ಇರಬೇಕು. ಈ ಮೂರರಲ್ಲಿ ಒಂದಿಲ್ಲದಿದ್ದರೂ ಹುಡುಗಿ ಮುಟ್ಟಿನ ದಿನ ಮನೆಯಲ್ಲೇ ಉಳಿಯುತ್ತಾಳೆ.

ಇನ್ನೊಂದು ಮಾತನ್ನು ಕಟ್ಟುನಿಟ್ಟಾಗಿ ಹೇಳಲು ಅಪ್ಪಣೆ ಕೊಡಿ. ಸ್ವಚ್ಛ ಶಾಲೆ, ಹಸಿರು ಶಾಲೆಯ ಹೆಸರಿನಲ್ಲಿ ಮಕ್ಕಳ ಕೈಯಿಂದ ಶೌಚಾಲಯ ತೊಳೆಸಬಾರದು. ಕಸಬರಿಗೆ ಹಿಡಿಯುವ ಸರದಿ ದಲಿತರ ಮಕ್ಕಳಿಗೇ ಬರಬಾರದು. ಗಿಡಕ್ಕೆ ನೀರು ಹಾಕುವುದಾದರೆ ಎಲ್ಲರೂ ಹಾಕಲಿ, ಶಿಕ್ಷಕರೂ ಹಾಕಲಿ.

ಹಣದ ವಿಷಯ: ನಮ್ಮ ಹೊಲಗಳ ನಡುವೆ ಗಾಳಿ ವಿದ್ಯುತ್ ಯಂತ್ರಗಳು ಹಗಲಿರುಳು ತಿರುಗುತ್ತಿವೆ. ಕಂಪನಿ ಕಾಯ್ದೆ 2013ರ 135ನೇ ಕಲಮಿಗೆ ಒಳಪಡುವ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವ್ಯಯಿಸಬೇಕು. ತಾವು ಈ ಗಾಳಿಯಂತ್ರಗಳ ಕಂಪನಿಗಳ ಸಭೆ ಕರೆದು, ಸುತ್ತಲಿನ ಶಾಲೆಗಳ ಟಾಕಿಗಳಿಗೆ ಈ ಹಣದಲ್ಲಿ ಪಾಲು ಕೇಳಬೇಕು. ಜನರ ಪಾಲನ್ನು ನಾವು ಕೊಡುತ್ತೇವೆ. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರು ಹಿರೇಹಳ್ಳದ ಸ್ವಚ್ಛತೆಗೆ ಇಳಿದಾಗ ಈ ಜಿಲ್ಲೆಯ ಜನ ಜೊತೆಗಿಳಿದು ಹೂಳು, ಜಾಲಿ ತೆಗೆದಿದ್ದನ್ನು ತಾವು ಬಲ್ಲಿರಿ. ಟಾಕಿಗೆ ಗುಂಡಿ ತೋಡಲು, ಕಲ್ಲು ಸಾಗಿಸಲು ನಾವು ಸಿದ್ಧರಿದ್ದೇವೆ.

ಹಳೆಯ ಟಾಕಿಗಳ ಪರಿಶೀಲನೆ ಮತ್ತು ನೀರಿನ ಪರೀಕ್ಷೆಯನ್ನು ಮುಂದಿನ ಮುಂಗಾರಿಗೆ ಮೊದಲೇ ಮುಗಿಸಿ, ಕೈಗೊಂಡ ಕ್ರಮವನ್ನು ಆಯಾ ಶಾಲೆಯ ಎಸ್‌ಡಿಎಂಸಿಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.



ತಮ್ಮ ವಿಶ್ವಾಸಿಗಳು,
ಪಾಲಕರು, ಎಸ್‌ಡಿಎಂಸಿ ಸದಸ್ಯರು ಮತ್ತು ಹಳೆಯ ವಿದ್ಯಾರ್ಥಿಗಳು
(ಸಹಿಗಳನ್ನು ಲಗತ್ತಿಸಿದೆ)

ಸ್ಥಳ: ಯಲಬುರ್ಗಾ

ಪ್ರತಿ: ಮಾನ್ಯ ಶಾಸಕರು, ಯಲಬುರ್ಗಾ ವಿಧಾನಸಭಾ ಕ್ಷೇತ್ರ, ಕಾರ್ಯನಿರ್ವಾಹಕ ಅಧಿಕಾರಿಗಳು, ತಾಲ್ಲೂಕು ಪಂಚಾಯತ್, ಯಲಬುರ್ಗಾ.