ಪರನಾಡಿನಲ್ಲಿ ಕಂಡ ತಾಯ್ನುಡಿ

ವಿದೇಶಯಾತ್ರೆಯ ಫಲವನ್ನು ನೋಡಿದ ಊರುಗಳ ಎಣಿಕೆಯಿಂದ ಅಳೆಯುವುದು ವಾಡಿಕೆ. ಅದು ತಕ್ಕ ಅಳತೆಯಲ್ಲವೆಂಬುದು ನನ್ನ ಅನುಭವ.

ಕಾಲೇಜು ವಿದ್ಯಾರ್ಥಿಯಾಗಿದ್ದಾಗ ಜರ್ಮನ್ ಕಲಿಯಲೆಂದು ಬೇಸಿಗೆಯ ಶಿಬಿರವೊಂದಕ್ಕೆ ಟ್ಯೂಬಿಂಗೆನ್ ನಗರಕ್ಕೆ ಹೋಗಿದ್ದೆ. ನೆಕರ್ ನದಿಯ ದಡದ ಆ ಊರಿನ ವಿಶ್ವವಿದ್ಯಾನಿಲಯ 1477ರಲ್ಲಿ ಸ್ಥಾಪಿತವಾದುದು. ನದಿಯಲ್ಲಿ ಉದ್ದನೆಯ ಕೋಲೂರಿ ನಡೆಸುವ ನೀಳವಾದ ದೋಣಿಗಳು ಇಂದಿಗೂ ಕಣ್ಣಿಗೆ ಕಟ್ಟಿವೆ. ಆದರೆ ಅವೆಲ್ಲಕ್ಕಿಂತ ಆಳವಾಗಿ ಉಳಿದುದು ಒಂದು ಪ್ರಶ್ನೆ.

ಜರ್ಮನ್ ಭಾಷೆಯಲ್ಲಿ ಹುಡುಗಿ ಎಂಬರ್ಥದ ಪದವು ನಪುಂಸಕಲಿಂಗವೆಂದು ತಿಳಿದಾಗ ನಾನು ನಕ್ಕೆ. "ನಿಮ್ಮ ಭಾಷೆಯಲ್ಲಿ ಲಿಂಗವನ್ನು ಹೇಗೆ ನಿರ್ಣಯಿಸುವಿರಿ?" ಎಂದು ಅಧ್ಯಾಪಕರು ಕೇಳಿದರು. ಕನ್ನಡದಲ್ಲಿ ಪದದ ಅರ್ಥವೇ ಲಿಂಗವನ್ನು ನಿರ್ಣಯಿಸುತ್ತದೆಂಬ ಸರಳವಾದ ಉತ್ತರ ನನಗೆ ಹೊಳೆಯಲಿಲ್ಲ, ನಾಚಿ ತಲೆತಗ್ಗಿಸಿದೆ. ಕೇಶಿರಾಜನ ವ್ಯಾಕರಣವನ್ನು ಸಂಪಾದಿಸಿ, 1894ರಲ್ಲಿ ಕನ್ನಡಕ್ಕೆ ಮಹಾನಿಘಂಟನ್ನು ಕೊಟ್ಟ ಜರ್ಮನ್ ವಿದ್ವಾಂಸ ಫರ್ಡಿನೆಂಡ್ ಕಿಟ್ಟೆಲರು 1903ರಲ್ಲಿ ಕೊನೆಯುಸಿರೆಳೆದುದು ಅದೇ ಊರಿನಲ್ಲಿ! ಅವರು ಅಷ್ಟು ಶ್ರಮಪಟ್ಟು ಅರಿತ ಭಾಷೆಯನ್ನು, ಅದರಲ್ಲೇ ಹುಟ್ಟಿ ಬೆಳೆದ ನಾನು ಅರಿತಿರಲಿಲ್ಲ.

ಪ್ರವಾಸವು ಪರನಾಡಿನ ಸೊಬಗನ್ನು ತೋರಿಸಿದರೆ ಸಾಲದು. ನಮ್ಮ ಕೊರತೆಯನ್ನೂ ತೋರಿಸಬೇಕು. ಮನೆಯದನ್ನು ಅರಿತು ಹೊರಡುವುದು ಲೇಸು. ಅರಿಯದೆ ಹೊರಟವನು ಮರಳಿದ ಮೇಲಾದರೂ ಅರಿಯಬೇಕು. ಊರಿಗೆ ಬಂದೊಡನೆ ನಾನು ಕೊಂಡ ಮೊದಲ ಪುಸ್ತಕ ಕನ್ನಡ ವ್ಯಾಕರಣ.