ಮರಿಗೆ ಕೊರತೆ, ಬೆಳೆದ ನಾಯಿಗೆ ಹೊರೆ

ನಾಯಿ ಸಾಕಿದವರ ಮನೆಯಲ್ಲಿ ಒಂದು ಲಸಿಕೆ ಪುಸ್ತಕ ಇರುತ್ತದೆ. ಸೀಸೆಯಿಂದ ಕಿತ್ತು ಅಂಟಿಸಿದ ಚೀಟಿ, ಪಕ್ಕದಲ್ಲಿ ಸಹಿ, ಕೆಳಗೆ ಮುಂದಿನ ವರ್ಷದ ಅದೇ ತಾರೀಖು. ಎಂಟು ವರ್ಷದ ನಾಯಿಯ ಪುಸ್ತಕದಲ್ಲಿ ಅದೇ ಚೀಟಿ ಎಂಟು ಸಲ. ಅತಿಯಾಗಿ ಚುಚ್ಚುತ್ತಿದ್ದೇವೆಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಮೊದಲು ನೋಡಬೇಕಾದದ್ದು ಆ ಪುಸ್ತಕದ ಮೊದಲ ಪುಟವನ್ನು.

ಹಸುವಿನ ಗಿಣ್ಣಿನ ಹಾಗೆ ನಾಯಿಯ ಮೊದಲ ಹಾಲಿನಲ್ಲೂ ತಾಯಿಯ ಪ್ರತಿಕಾಯಗಳು ಇಳಿದು ಬರುತ್ತವೆ. ಮರಿಯನ್ನು ಕಾಯುವ ಇವೇ ಲಸಿಕೆಯನ್ನೂ ಕೆಲಸ ಮಾಡಗೊಡುವುದಿಲ್ಲ. ಒಂದು ಮರಿಯಲ್ಲಿ ಇವು ಎಂಟನೇ ವಾರಕ್ಕೆ ಕರಗಿದರೆ ಇನ್ನೊಂದರಲ್ಲಿ ಹದಿನಾಲ್ಕು ವಾರವಾದರೂ ಉಳಿದಿರಬಹುದು. ಅದಕ್ಕೇ 6ರಿಂದ 8 ವಾರಕ್ಕೆ ಶುರು ಮಾಡಿ, 2ರಿಂದ 4 ವಾರಗಳಿಗೊಮ್ಮೆ ಕೊಡುತ್ತ ಹೋಗಿ, ಈ ಸರಣಿಯ ಕೊನೆಯದನ್ನು 16 ವಾರ ತುಂಬಿದ ಮೇಲೆಯೇ ಕೊಡಿ ಎನ್ನುತ್ತದೆ ಸಣ್ಣ ಪ್ರಾಣಿಗಳ ಪಶುವೈದ್ಯರ ವಿಶ್ವ ಸಂಘ. ಆರನೇ ತಿಂಗಳಲ್ಲಿ ಇನ್ನೊಂದು ಕೊಟ್ಟರೆ ತಪ್ಪಿಹೋದ ಮರಿಗೂ ರಕ್ಷಣೆ. ನಮ್ಮಲ್ಲಿ ಎಷ್ಟೋ ಮರಿಗಳಿಗೆ ಎರಡು ಚುಚ್ಚಿದ ಮೇಲೆ ‘ಕೋರ್ಸ್ ಮುಗೀತು’. ಐದನೇ ತಿಂಗಳಲ್ಲಿ ರಕ್ತಭೇದಿ ಹಿಡಿದು ಪಾರ್ವೊ ಎಂದು ಗೊತ್ತಾದಾಗ ‘ಎಲ್ಲ ಹಾಕ್ಸಿದ್ವಲ್ಲ ಡಾಕ್ಟ್ರೇ’ ಎನ್ನುವ ಮಾತು ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ.

ಮರಿಯಲ್ಲಿ ಸರಿಯಾಗಿ ಹಿಡಿದ ಲಸಿಕೆಯ ಕಥೆ ಬೇರೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರೊನಾಲ್ಡ್ ಷುಲ್ಟ್ಜ್ ದಶಕಗಳ ಕಾಲ ನಡೆಸಿದ ಅಧ್ಯಯನಗಳಲ್ಲಿ ಡಿಸ್ಟೆಂಪರ್, ಪಾರ್ವೊ, ಅಡಿನೊವೈರಸ್ ವಿರುದ್ಧದ ರಕ್ಷಣೆ ವರ್ಷಗಟ್ಟಲೆ ಉಳಿದದ್ದು ಕಂಡಿತು. ಅಮೆರಿಕದ ಪಶು ಆಸ್ಪತ್ರೆಗಳ ಸಂಘ 2003ರಲ್ಲೇ ಬೆಳೆದ ನಾಯಿಗೆ ಈ ಮೂರರ ಲಸಿಕೆ ಮೂರು ವರ್ಷಕ್ಕೊಮ್ಮೆ ಸಾಕು ಎಂದಿತು.

ಹಾಗಿದ್ದೂ ನಮ್ಮಲ್ಲಿ ವರ್ಷವರ್ಷ ಯಾಕೆ? ಒಂದೇ ಸೀಸೆಯಲ್ಲಿ ಬೇರೆ ಬೇರೆ ಆಯುಸ್ಸಿನ ಲಸಿಕೆಗಳನ್ನು ಸೇರಿಸಿಟ್ಟದ್ದರಿಂದ. ‘ಸೆವೆನ್ ಇನ್ ಒನ್’ನಲ್ಲಿರುವ ಇಲಿ ಜ್ವರದ ಲಸಿಕೆಯ ಬಲ ಒಂದು ವರ್ಷಕ್ಕೆ ಇಳಿಯುತ್ತದೆ, ಮಲೆನಾಡು, ಕರಾವಳಿಯಲ್ಲಿ ಅದನ್ನು ಬಿಡುವಂತಿಲ್ಲ. ‘ನೈನ್ ಇನ್ ಒನ್’ಗೆ ಸೇರಿಸುವ ನಾಯಿಗಳ ಕೊರೊನಾ ಲಸಿಕೆಯನ್ನಂತೂ ವಿಶ್ವ ಸಂಘ ಶಿಫಾರಸೇ ಮಾಡುವುದಿಲ್ಲ. (ಏಳಕ್ಕಿಂತ ಒಂಬತ್ತು ದೊಡ್ಡದು ಎಂಬ ಲೆಕ್ಕ ಮಾತ್ರ ಗಿರಾಕಿಗೆ ಹಿಡಿಸುತ್ತದೆ.) ಇಲಿ ಜ್ವರದ ಲಸಿಕೆ ರೇಬೀಸ್ ಜೊತೆಗೇ ಬರುವ ಸೀಸೆಗಳೂ ಇವೆ; ಮೂರು ವೈರಸ್ಸಿನದನ್ನು ಬಿಟ್ಟ ವರ್ಷ ಅದನ್ನು ಕೇಳಬಹುದು.

ರೇಬೀಸ್ ಮಾತ್ರ ಚರ್ಚೆಗೆ ತರುವ ವಿಷಯವಲ್ಲ. ಅದು ನಾಯಿಯ ಜೊತೆಗೆ ಮನುಷ್ಯನ ಸಾವು. ಸೀಸೆಯ ಮೇಲೆ, ಸ್ಥಳೀಯ ನಿಯಮದಲ್ಲಿ ಹೇಳಿದಂತೆ ಹಾಕಿಸಲೇಬೇಕು. ‘ಅತಿಯಾಯಿತು’ ಎಂದು ಎಲ್ಲವನ್ನೂ ನಿಲ್ಲಿಸುವವರನ್ನು ಕಂಡರೆ ನನಗೆ ಹೆಚ್ಚು ಭಯ.

ಬೆಕ್ಕಿನ ವಿಷಯದಲ್ಲಿ ಎಚ್ಚರಕ್ಕೆ ಇನ್ನೊಂದು ಕಾರಣವಿದೆ. ಚುಚ್ಚಿದ ಜಾಗದಲ್ಲಿ ಅಪರೂಪಕ್ಕೆ ಹುಟ್ಟುವ ಕ್ಯಾನ್ಸರ್ ಗಡ್ಡೆಯನ್ನು ಪೆನ್ಸಿಲ್ವೇನಿಯಾದ ವೈದ್ಯರು 1991ರಲ್ಲಿ ಗುರುತಿಸಿದರು. ಹೆಗಲ ನಡುವೆ ಚುಚ್ಚಬೇಡಿ, ಕಾಲಿನ ಕೆಳಭಾಗಕ್ಕೆ ಕೊಡಿ ಎನ್ನುವುದು ಅದಕ್ಕೇ: ಗಡ್ಡೆ ಬಂದರೆ ಕಾಲು ತೆಗೆದಾದರೂ ಬೆಕ್ಕನ್ನು ಉಳಿಸಬಹುದು.

ಉಳಿದದ್ದು ದುಡ್ಡಿನ ಮಾತು. ನಮ್ಮ ವೈದ್ಯರಿಗೆ ಪರೀಕ್ಷೆಯ ಶುಲ್ಕ ಕೊಡಲು ಹಿಂದೆಮುಂದೆ ನೋಡುವ ನಾವು ಸೂಜಿಗೆ ಮರುಮಾತಿಲ್ಲದೆ ಕೊಡುತ್ತೇವೆ. ಹಾಗಾಗಿ ಹಲ್ಲು, ಹೃದಯ, ತೂಕ ನೋಡುವ ವಾರ್ಷಿಕ ತಪಾಸಣೆ ಲಸಿಕೆಯ ಬಾಲ ಹಿಡಿದು ಬರುತ್ತದೆ. ತಪಾಸಣೆಗೇ ಶುಲ್ಕ ಕೊಟ್ಟು, ‘ಈ ವರ್ಷ ಯಾವುದು ಬೇಕು, ಯಾವುದು ಬೇಡ’ ಎಂದು ಪುಸ್ತಕ ತೆರೆದು ಕೇಳಿದರೆ ಬೇಸರಪಡುವ ವೈದ್ಯರು ಕಡಿಮೆ.